ಎರಡು ಸಲ ತೆರೆದ ಪೆಟ್ಟಿಗೆ

ಮೂರನೇ ಸ್ಕ್ರೂ ಬಿಚ್ಚುವ ಕಷ್ಟವೇ ಬರಲಿಲ್ಲ. ಸ್ಕ್ರೂಡ್ರೈವರಿನ ತುದಿ ತಗುಲಿದ್ದೇ ತಡ, ತಾನಾಗಿ ತಿರುಗಿತು. ನಾಲ್ಕನೆಯದೂ ಹಾಗೆಯೇ.

"ಎರಡು ಬಿಗಿ, ಎರಡು ಸಡಿಲ," ಎಂದಳು ಜಿಗಣೆಯಮ್ಮ. ಹೇಳಿದ್ದು ಕೋಣೆಯಲ್ಲಿದ್ದವರಿಗಲ್ಲ, ಮೇಜಿನ ಮೇಲೆ ನಿಲ್ಲಿಸಿದ್ದ ಫೋನಿನ ಕ್ಯಾಮೆರಾಕ್ಕೆ.

ಕೂಲರನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹೊರಳಿಸಿ ಎತ್ತಿದಳು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ನೆತ್ತಿಯ ಮೇಲೆ ಕೂತು, ಅದರ ಬಿಸಿಯನ್ನು ಹೀರಿ ಗಾಳಿಗೆ ಬಿಡುವುದಷ್ಟೇ ಆ ಕೂಲರಿನ ಕೆಲಸ. ತಳವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಿಸಿ ದಾಟಿಸಲೆಂದು ನಡುವೆ ಹಚ್ಚಿದ ಪೇಸ್ಟಿನ ಕಲೆ ಬಿಟ್ಟರೆ ಸುತ್ತಲ ಅಂಚು ಗಾಜಿನ ಹಾಗೆ ಮಿಂಚಿತು. ವರ್ಷಗಟ್ಟಲೆ ದುಡಿದ ತಾಮ್ರ ಹಾಗೆ ಮಿಂಚುವುದಿಲ್ಲ.

ಉಗುರಿನಿಂದ ಅಂಚು ಕೆರೆದಳು. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದು ಸುರುಳಿಯಾಗಿ ಎದ್ದು ಬಂತು.

"ಅಯ್ಯೋ!" ಗುಬ್ಬಿ ಕುರ್ಚಿಯಿಂದ ಎದ್ದೇಬಿಟ್ಟಳು. "ಅದು ಅಲ್ಲಿ ಹೇಗೆ ಬಂತು ಅತ್ತೆ?"

ಹೊಸ ಕೂಲರಿನ ತಳಕ್ಕೆ ಗೀರು ಬೀಳದಿರಲೆಂದು ಅಂಟಿಸಿ ಕೊಡುವ ಹಾಳೆ ಅದು. ಬಳಸುವ ಮುನ್ನ ತೆಗೆಯಿರಿ ಎಂದು ಕೆಂಪಕ್ಷರದಲ್ಲಿ ಅದರ ಮೇಲೇ ಬರೆದಿರುತ್ತದೆ. ತೆಗೆಯದೆ ಕೂರಿಸಿದರೆ ಜ್ವರದ ಮೈಗೆ ಕಂಬಳಿ ಹೊದಿಸಿದ ಹಾಗೆ.

"ಹೋದ ವರ್ಷ ಕೂಲರ್ ಕೂರಿಸ್ದಾಗ ಆ ಹಾಳೆ ಕಿತ್ತು ಬಿಸಾಕಿದ್ದು ನಾನೇ," ಎಂದ ಗುಬ್ಬಿಯ ಅಣ್ಣ. ಏಸಿ ಮೆಕ್ಯಾನಿಕ್ ಆದ್ದರಿಂದ ಬೀದಿಯವರೆಲ್ಲ ಅವನನ್ನು ತಂಪಣ್ಣ ಎನ್ನುತ್ತಿದ್ದರು. ಈಗ ಮಾತ್ರ ತಂಪಣ್ಣನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

ಜಿಗಣೆಯಮ್ಮ ಹಾಳೆಯನ್ನು ಚಿಮಟದಲ್ಲಿ ಹಿಡಿದು ಪುಟ್ಟ ಲಕೋಟೆಗೆ ಹಾಕಿದಳು. ಕ್ಯಾಮೆರಾ ಆರಿಸಿದಳು. ಪೆಟ್ಟಿಗೆ ತೆರೆಯುವುದನ್ನು ಮಾತ್ರ ಚಿತ್ರೀಕರಿಸಬೇಕು, ಸಮಿತಿಯ ನಿಯಮ ಅಷ್ಟೇ. ಗಂಟೆ ನೋಡಿಕೊಂಡಳು. ಮೂರೂವರೆ.

ಐದಕ್ಕೆ ಪಂದ್ಯ ಸಮಿತಿಯ ಅಧಿಕಾರಿ ಬಂದು ವರದಿ ಕೇಳುತ್ತಾನೆ. ಮನೆಯಿಂದಲೇ ಆಡಿದ ಶುಕ್ರವಾರದ ಕಂಪ್ಯೂಟರ್ ಆಟದ ಫೈನಲ್ ನಡುವೆ ಈ ಕಂಪ್ಯೂಟರ್ ನೂರು ಡಿಗ್ರಿ ಮುಟ್ಟಿ ಎರಡು ಸಲ ಆರಿಹೋಗಿತ್ತು. ಗುಬ್ಬಿಯ ತಂಡ ಸೋತಿತ್ತು. ಬೆಟ್ಟಿಂಗ್ ದುಡ್ಡಿಗಾಗಿ ಬೇಕಂತಲೇ ಸೋತಳು, ತಾನೇ ಯಂತ್ರ ಕೆಡಿಸಿಕೊಂಡಳು ಎಂದು ಸಮಿತಿ ಗುಬ್ಬಿಯ ತಲೆಯ ಮೇಲೆ ಗೂಬೆ ಕೂರಿಸಿತ್ತು. ಹೌದೆಂದಾದರೆ ಜೀವಮಾನವಿಡೀ ಯಾವ ಪಂದ್ಯಕ್ಕೂ ಅವಳನ್ನು ಸೇರಿಸುವುದಿಲ್ಲ. ಇಪ್ಪತ್ತು ವರ್ಷದ ಹುಡುಗಿ. ಐದು ವರ್ಷ ಈ ಕೋಣೆಯಲ್ಲೇ ಕೂತು ಬೆಳೆದವಳು.

ಇನ್ನೊಂದು ಮುಳ್ಳೂ ಇತ್ತು. ಸಮಿತಿ ಒಪ್ಪುವ ತಪಾಸಣಾಕಾರರ ಪಟ್ಟಿಯಲ್ಲಿ ಜಿಗಣೆಯಮ್ಮನ ಹೆಸರಿತ್ತು. ವಿಮಾ ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷ ಸುಟ್ಟ ಗೋದಾಮು, ಸುಟ್ಟ ಗಿರಣಿ, ಸುಟ್ಟ ಬೇಕರಿಗಳ ಬೂದಿ ಕೆದಕಿದವಳು. ಹಿಡಿದರೆ ಬಿಡುವವಳಲ್ಲ ಎಂದೇ ಆಫೀಸಿನವರು ಆ ಹೆಸರಿಟ್ಟಿದ್ದು. ಹುಡುಗಿ ನಿಮಗೇನಾಗಬೇಕು ಎಂದು ಸಮಿತಿ ಕೇಳಲಿಲ್ಲ. ನನ್ನ ಅಣ್ಣನ ಮಗಳು ಎಂದು ಇವಳೂ ಹೇಳಲಿಲ್ಲ. ತೀರಿಕೊಂಡ ಅಣ್ಣನ ಮುಖ ನೆನಪಾಗಿ ಬಾಯಿ ಮುಚ್ಚಿಕೊಂಡಿದ್ದಳು. ಆ ಮೌನ ನಾಲ್ಕು ದಿನದಿಂದ ಚುಚ್ಚುತ್ತಿತ್ತು.

"ಅಂದ್ರೆ ನಾವು ಗೆದ್ವಿ ತಾನೆ?" ಎಂದಳು ಗುಬ್ಬಿ. "ಯಾರೋ ಹಾಳೆ ಇಟ್ಟಿದಾರೆ ಅಂತ ಬರೆದ್ಬಿಡಿ."

"ಯಾರೋ ಅಂದ್ರೆ ಯಾರಮ್ಮ? ಗಾಳೀನಾ?"

ಗುಬ್ಬಿ ಮತ್ತೆ ಕೂತಳು. ಬಲಗೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡಳು.

ಜಿಗಣೆಯಮ್ಮ ತನ್ನ ಲ್ಯಾಪ್‌ಟಾಪ್ ತೆರೆದಳು. ಗುಬ್ಬಿಗೊಂದು ಚಾಳಿ. ಕಂಪ್ಯೂಟರ್ ಚಾಲೂ ಇದ್ದಷ್ಟು ಹೊತ್ತೂ ನಿಮಿಷಕ್ಕೊಮ್ಮೆ ಪ್ರೊಸೆಸರಿನ ಬಿಸಿ ತಾನಾಗಿ ದಾಖಲಾಗುವಂತೆ ಮಾಡಿಟ್ಟಿದ್ದಳು. ಅಣ್ಣ ತಂಗಿ ಒಂದೊಂದು ಭಾಗ ಕೂಡಿಸಿ ಕಟ್ಟಿದ ಯಂತ್ರ, ಅದರ ಮೈ ಮುಟ್ಟಿ ನೋಡುವ ಆಸೆ ಇಬ್ಬರಿಗೂ. ಶುಕ್ರವಾರ ಆಟ ಮುಗಿದ ಮೇಲೆ ಸಮಿತಿಯ ಅಧಿಕಾರಿಯೇ ಬಂದು ಪೆಟ್ಟಿಗೆಗೆ ಸೀಲು ಹಾಕಿದ್ದ. ಇವತ್ತು ಸೀಲು ಒಡೆದ ಕೂಡಲೇ, ಕೂಲರಿಗೆ ಕೈಹಾಕುವ ಮೊದಲೇ, ಜಿಗಣೆಯಮ್ಮ ಆ ದಾಖಲೆಯನ್ನು ಇಳಿಸಿಕೊಂಡಿದ್ದಳು.

ಅಂಕಿಗಳ ಉದ್ದ ಸಾಲು. ಬೆರಳಿಟ್ಟುಕೊಂಡು ಓದಿದಳು.

ಇಡೀ ವರ್ಷ ಯಂತ್ರ ಸುಮ್ಮನಿದ್ದಾಗ ಮೂವತ್ತೆಂಟು ಡಿಗ್ರಿ, ಆಟದ ಭರದಲ್ಲಿ ಅರವತ್ತಾರು. ಎರಡೂ ನೆಮ್ಮದಿಯ ಬಿಸಿ. ಗುರುವಾರ ಸಂಜೆ ಐದು ನಲವತ್ತಕ್ಕೆ ಯಂತ್ರ ಆರಿದೆ, ಆರು ಇಪ್ಪತ್ತೈದಕ್ಕೆ ಮತ್ತೆ ಚಾಲೂ ಆಗಿದೆ. ಅಲ್ಲಿಂದಾಚೆ ಸುಮ್ಮನಿದ್ದರೂ ನಲವತ್ತೇಳು, ಆಟದಲ್ಲಿ ಎಂಬತ್ತನಾಲ್ಕು.

ಅಷ್ಟಕ್ಕೇ ಮುಗಿದಿದ್ದರೆ ಕೇಸು ಸಲೀಸು. ಮುಗಿದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಯಂತ್ರ ಮತ್ತೆ ಆರಿತ್ತು. ಹನ್ನೆರಡೇ ನಿಮಿಷ. ಚಾಲೂ ಆದಾಗ ಸುಮ್ಮನೆ ಕೂತ ಯಂತ್ರದ ಬಿಸಿಯೇ ಅರವತ್ತೊಂದು. ನಾಲ್ಕು ಹದಿನೇಳಕ್ಕೆ ನೂರು, ಸಾಲು ಖಾಲಿ. ನಾಲ್ಕು ಇಪ್ಪತ್ತಾರಕ್ಕೆ ಮತ್ತೆ ನೂರು, ಮತ್ತೆ ಖಾಲಿ.

ಬಿಸಿ ಒಂದೇ ಸಲ ಏರಿರಲಿಲ್ಲ. ಎರಡು ಮೆಟ್ಟಿಲು ಹತ್ತಿತ್ತು. ಈ ಪೆಟ್ಟಿಗೆಯನ್ನು ಎರಡು ಸಲ ತೆರೆದಿದ್ದಾರೆ.

ಜಿಗಣೆಯಮ್ಮ ಲ್ಯಾಪ್‌ಟಾಪ್ ಮಡಚಿದಳು. ನೋಡಿದ್ದನ್ನು ಯಾರಿಗೂ ಹೇಳಲಿಲ್ಲ. ಬೆಂಕಿ ಸುಳ್ಳು ಹೇಳಲ್ಲ, ಸುಟ್ಟುಕೊಂಡವರು ಹೇಳ್ತಾರೆ ಎನ್ನುವುದು ಅವಳ ಇಪ್ಪತ್ತೆಂಟು ವರ್ಷದ ಪಾಠ.

"ಗುಬ್ಬಿ, ಪಂದ್ಯದ ಹಿಂದಿನ ದಿನ ಅಭ್ಯಾಸ ಮಾಡ್ವಾಗ ಎಂಬತ್ತನಾಲ್ಕು ತೋರಿಸ್ತಿತ್ತು. ನೋಡಲಿಲ್ವಾ?"

"ನೋಡಿದೆ. ಸೆಕೆಗೆ ಅಂದ್ಕೊಂಡೆ. ಫ್ಯಾನಿನ ಧೂಳು ಬ್ರಷ್ ಹಾಕಿ ತೆಗೆದೆ. ಫ್ಯಾನಿನ ವೇಗ ಏರಿಸ್ದೆ. ಕಿಟಕಿ ತೆಗೆದಿಟ್ಟೆ. ಎರಡು ಡಿಗ್ರಿ ಇಳೀತು ಅಷ್ಟೇ."

"ಬಿಚ್ಚಿ ಪೇಸ್ಟ್ ಬದಲಾಯಿಸ್ಬಹುದಿತ್ತಲ್ಲ?"

"ನಾಳೆ ಫೈನಲ್ ಇಟ್ಕೊಂಡು ಯಾರಾದ್ರೂ ಪೆಟ್ಟಿಗೆ ಬಿಚ್ತಾರಾ ಅತ್ತೆ!"

ಮಾತು ಸರಿಯೇ. ಆದರೆ ಹೇಳುವಾಗ ಹುಡುಗಿ ಅತ್ತೆಯ ಮುಖ ನೋಡಲಿಲ್ಲ, ಅಣ್ಣನ ಮುಖ ನೋಡಿದಳು.

ಜಿಗಣೆಯಮ್ಮ ಎದ್ದು ಮುಂದಿನ ಕೋಣೆಗೆ ಬಂದಳು.

ಅದು ಗುಬ್ಬಿಯ ಅಮ್ಮನ ಹೊಲಿಗೆ ಅಂಗಡಿ. ಬೀದಿಗೆ ತೆರೆದ ಬಾಗಿಲು, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಸೀಮೆಸುಣ್ಣದ ಗೆರೆ ಬಿದ್ದ ಉದ್ದ ಮೇಜು. ಗಂಡ ಹೋದ ಆರು ವರ್ಷದಿಂದ ಈ ಮೇಜೇ ಮನೆ ಹೊತ್ತಿತ್ತು. ಅತ್ತಿಗೆ ತಲೆಯೆತ್ತದೆ ಕಾಲರು ಹೊಲಿಯುತ್ತಿದ್ದಳು.

"ಅತ್ತಿಗೆ, ಒಂದು ಮಾತು. ಗುರುವಾರ ಸಂಜೆ ಐದೂವರೆ ಆರರ ಸುಮಾರಿಗೆ ಮನೆಗೆ ಯಾರಾದ್ರೂ…"

"ಯಾರೂ ಬಂದಿಲ್ಲ."

"ಪ್ರಶ್ನೆ ಮುಗೀಲಿ ಅತ್ತಿಗೆ."

"ಮುಗಿದ್ರೂ ಅಷ್ಟೇ ಉತ್ತರ. ಯಾರೂ ಬಂದಿಲ್ಲ. ನಾನು ಇಲ್ಲೇ ಕೂತಿದ್ದೆ. ಮಕ್ಕಳಿಬ್ರೂ ಹೊರಗಡೆ ಹೋಗಿದ್ರು." ಹೊಲಿಗೆ ಯಂತ್ರ ಗಡಗಡ ಎಂದಿತು. "ನೀನು ನಮ್ಮ ಪರವಾಗಿ ಬಂದಿದೀಯೋ, ಅವ್ರ ಪರವಾಗಿ ಬಂದಿದೀಯೋ?"

"ನಾನು ಬಿಸಿಯ ಪರ ಅತ್ತಿಗೆ. ಅದೆಲ್ಲಿಂದ ಬಂತು ಅಂತ ಗೊತ್ತಾಗ್ಬೇಕು."

"ಗೊತ್ತಾಗಿ ಏನಾಗ್ಬೇಕು? ಯಂತ್ರ ಕೆಟ್ಟಿತು, ಆಟ ಹೋಯ್ತು. ನನ್ನ ಮಗಳ ಹೆಸರೊಂದು ಉಳಿಸ್ಕೊಡು. ಮಿಕ್ಕಿದ್ದನ್ನ ಕೆದಕಬೇಡ."

ಕೆದಕಬೇಡ ಎಂದವರ ಮನೆಯಲ್ಲೇ ಕೆಂಡ ಇರುತ್ತದೆ. ಅದು ಜಿಗಣೆಯಮ್ಮನಿಗೆ ಹೊಸತೇನಲ್ಲ. ಆದರೆ ಈ ಸಲ ಮನೆ ತನ್ನದೇ ತವರು.

ಒಳಗೆ ಬಂದಾಗ ತಂಪಣ್ಣ ಬಾಗಿಲಲ್ಲೇ ಕಾಯುತ್ತಿದ್ದ. ಗಂಟೆ ನಾಲ್ಕು ಇಪ್ಪತ್ತು.

"ಅತ್ತೆ, ಬಾಗಿಲು ಹಾಕಿ. ಒಂದು ವಿಷಯ ಹೇಳ್ಬೇಕು."

ಹಾಕಿದಳು.

"ಬರ್ಕೊಳ್ಳಿ. ಎಲ್ಲಾ ಮಾಡಿದ್ದು ನಾನೇ."

"ಅಣ್ಣ!" ಗುಬ್ಬಿ ಚೀರಿದಳು.

"ನೀನು ಸುಮ್ನಿರು. ಅತ್ತೆ, ನಾನೇ. ಇವಳು ಗೆದ್ದಿದ್ರೆ ತಂಡದವ್ರ ಜೊತೆ ಊರೂರು ಸುತ್ತೋಕೆ ಹೊರಟ್ಬಿಡ್ತಿದ್ಲು. ಅಮ್ಮನ್ನ ನಾನೊಬ್ಬನೇ ನೋಡ್ಕೋಬೇಕಾಗ್ತಿತ್ತು. ಹೊಟ್ಟೆಕಿಚ್ಚು ಅನ್ನಿ, ಕೆಟ್ಟ ಬುದ್ಧಿ ಅನ್ನಿ. ಯಂತ್ರ ಕೆಡಿಸ್ದೆ."

ಜಿಗಣೆಯಮ್ಮ ಕುರ್ಚಿ ಎಳೆದುಕೊಂಡು ಅವನೆದುರೇ ಕೂತಳು. ಮೊಣಕಾಲಿಗೆ ಮೊಣಕಾಲು ತಗುಲುವಷ್ಟು ಹತ್ತಿರ.

"ಯಾವತ್ತು ಮಾಡ್ದೆ?"

"ಪಂದ್ಯದ ದಿನ. ಮಧ್ಯಾಹ್ನ, ಇವಳು ಸ್ನಾನಕ್ಕೆ ಹೋದಾಗ."

"ಏನೇನು ಮಾಡ್ದೆ?"

"ಎರಡು ಸ್ಕ್ರೂ ಸಡಿಲ ಮಾಡ್ದೆ. ಆಮೇಲೆ… ಪ್ಲಾಸ್ಟಿಕ್ ಇಟ್ಟೆ."

"ಸ್ಕ್ರೂ ಸಡಿಲ ಮಾಡಿದ್ಮೇಲೆ ಪ್ಲಾಸ್ಟಿಕ್ ಇಟ್ಯಾ?"

"ಹೂಂ. ಅಲ್ಲ, ಮೊದಲು ಪ್ಲಾಸ್ಟಿಕ್ಕು."

"ಎಷ್ಟು ಹೊತ್ತು ಹಿಡೀತು?"

"ಹತ್ತು ನಿಮಿಷ."

"ಭಾರೀ ಕೈಚಳಕ ಕಣೋ ನಿಂದು. ಕೂಲರ್ ಬಿಚ್ಚಿ, ಹಳೇ ಪೇಸ್ಟ್ ಪೂರ್ತಿ ಒರೆಸಿ, ಹೊಸದು ಹಚ್ಚಿ, ಪ್ಲಾಸ್ಟಿಕ್ ಅಂಟಿಸಿ, ತಿರುಗಿ ಕೂರಿಸಿ, ಮುಚ್ಚಳ ಹಾಕಿ, ಹತ್ತು ನಿಮಿಷ! ನಮ್ಮನೆ ಏಸಿಯ ಒಂದು ಜಾಲರಿ ತೊಳಿಯೋಕೆ ಅರ್ಧ ದಿನ ತಗೊಂಡೆಯಲ್ಲಪ್ಪ."

ತಂಪಣ್ಣ ಹಣೆ ಒರೆಸಿಕೊಂಡ.

"ನಾನು ಮೆಕ್ಯಾನಿಕ್ಕು ಅತ್ತೆ. ಮನಸ್ಸು ಮಾಡಿದ್ರೆ ಆಗತ್ತೆ."

"ಆಗ್ಲಿ, ಒಪ್ಕೊಂಡೆ. ಆದ್ರೆ ಪ್ಲಾಸ್ಟಿಕ್ ಇಟ್ಟಿದ್ದು ಪಂದ್ಯದ ದಿನ ಅಲ್ಲ. ಅದರ ಹಿಂದಿನ ಸಂಜೆಯಿಂದಾನೇ ಯಂತ್ರಕ್ಕೆ ಜ್ವರ. ಗುರುವಾರ ಸಂಜೆ ನೀನೆಲ್ಲಿದ್ದೆ?"

"ಗುರುವಾರಾನಾ?" ಅವನ ಮುಖದಲ್ಲಿದ್ದ ಗೊಂದಲ ನಟನೆಯಲ್ಲ. "ಗುರುವಾರ ಸಂಜೆ ಇವಳನ್ನ ಕರ್ಕೊಂಡು ಆಸ್ಪತ್ರೆಗೆ…"

ಮಾತು ಅಲ್ಲೇ ನಿಂತಿತು. ಬಾಯಿಂದ ಬಿದ್ದದ್ದನ್ನು ಹೆಕ್ಕಿ ಒಳಗೆ ಹಾಕಿಕೊಳ್ಳುವವನಂತೆ ತುಟಿ ಕಚ್ಚಿದ.

ಮುಂದಿನ ಕೋಣೆಯ ಹೊಲಿಗೆ ಯಂತ್ರ ಸದ್ದು ನಿಲ್ಲಿಸಿತ್ತು.

"ಆಸ್ಪತ್ರೆಗೆ," ಎಂದಳು ಜಿಗಣೆಯಮ್ಮ. "ಗುಬ್ಬಿ, ಗುರುವಾರ ಗೆಳತಿ ಮನೆಗೆ ಹೋಗಿದ್ದೆ ಅಂತ ಬೆಳಿಗ್ಗೆ ನನಗೆ ಹೇಳಿದ್ದೆ. ಬಲಗೈ ತೆಗಿ ಹೊರಗೆ."

ಗುಬ್ಬಿ ತೆಗೆಯಲಿಲ್ಲ.

"ಬೆಳಿಗ್ಗೆಯಿಂದ ನೋಡ್ತಿದೀನಿ ಮಗಳೇ. ನೀರು ಕುಡಿದಿದ್ದು ಎಡಗೈಯಲ್ಲಿ. ಬಾಗಿಲು ತೆಗೆದಿದ್ದು ಎಡಗೈಯಲ್ಲಿ. ಸೀಲಿನ ಕಾಗದಕ್ಕೆ ಸಹಿ ಹಾಕ್ವಾಗ ಪೆನ್ನು ಎರಡು ಸಲ ಜಾರಿತು. ತೆಗಿ."

ಕೈ ಹೊರಬಂತು. ತೆಳ್ಳನೆಯ, ಚುರುಕಾದ ಕೈ. ನೋಡಲು ಏನೂ ಆಗಿರಲಿಲ್ಲ. ಜಿಗಣೆಯಮ್ಮ ಸ್ಕ್ರೂಡ್ರೈವರ್ ಅದರೊಳಗಿಟ್ಟು, "ಬಿಗಿಯಾಗಿ ಹಿಡಿ," ಎಂದಳು. ಮೂರು ಬೆರಳು ಮಡಚಿಕೊಂಡವು. ಉಂಗುರದ ಬೆರಳು, ಕಿರುಬೆರಳು ನೆಟ್ಟಗೆ ನಿಂತೇ ಇದ್ದವು. ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು.

"ಎಷ್ಟು ದಿನದಿಂದ?"

"ಎರಡು ತಿಂಗಳು." ಗುಬ್ಬಿ ಮೊಣಕೈ ಹಿಡಿದುಕೊಂಡಳು. "ಮೊಣಕೈ ಹತ್ರ ನರ ಒತ್ಕೊಂಡಿದೆಯಂತೆ. ಮೂರು ತಿಂಗಳು ಆಟ ಬಿಡ್ಬೇಕು, ಬಿಡದಿದ್ರೆ ಹಿಡಿತಾನೇ ಹೋಗ್ಬಹುದು ಅಂದ್ರು ಡಾಕ್ಟ್ರು. ಗುರುವಾರ ಅಂದ್ರು. ಶುಕ್ರವಾರ ಫೈನಲ್ಲು."

"ತಂಡದವ್ರಿಗೆ ಹೇಳ್ಬೇಕಿತ್ತು."

"ಹೇಗೆ ಹೇಳ್ಲಿ ಅತ್ತೆ? ಯಂತ್ರ ಕೈಕೊಟ್ಟಿತು ಅಂದ್ರೆ ಅಯ್ಯೋ ಪಾಪ ಅಂತಾರೆ. ಕೈಯೇ ಕೈಕೊಡ್ತಿದೆ ಅಂದ್ರೆ ಅವತ್ತೇ ಬೇರೆಯವ್ರನ್ನ ತಗೋತಾರೆ. ಐದು ವರ್ಷ… ಐದು ವರ್ಷ ಈ ಕುರ್ಚಿ ಬಿಟ್ಟು ಎದ್ದಿಲ್ಲ ನಾನು."

ಅಳು ಬಂತು. ಎಡಗೈಯಲ್ಲಿ ಒರೆಸಿಕೊಂಡಳು. ತಂಪಣ್ಣ ಗೋಡೆಯ ಕಡೆ ತಿರುಗಿ ನಿಂತ.

"ಅದಕ್ಕೆ?" ಎಂದಳು ಜಿಗಣೆಯಮ್ಮ. ಕೇಳಬಾರದಿತ್ತು ಎನಿಸಿತು. ಆದರೆ ಕೇಳುವುದೇ ಕಸುಬಾದವಳಿಗೆ ನಾಲಿಗೆ ಕಟ್ಟಿಕೊಳ್ಳುವುದು ಕಷ್ಟ.

"ಯಂತ್ರದ ತೊಂದರೆ ಅಂತಾದ್ರೆ ಆಟ ಒಂದು ವಾರ ಮುಂದಕ್ಕೆ ಹಾಕ್ಬಹುದು ಅಂತ ನಿಯಮ ಇದೆ. ನನಗೆ ಒಂದು ವಾರ ಬೇಕಿತ್ತು, ಅಷ್ಟೇ. ಒಂದು ವಾರ ಕೈಗೆ ವಿಶ್ರಾಂತಿ ಕೊಟ್ಟು, ಮಾತ್ರೆ ತಗೊಂಡು, ಹೇಗೋ ಒಂದಾಟ ಆಡ್ಬಿಡೋಣ ಅಂತ. ಸ್ನಾನಕ್ಕೆ ಹೋಗೋ ಮುಂಚೆ ಮುಚ್ಚಳ ತೆಗೆದೆ. ಎರಡು ಸ್ಕ್ರೂ ಒಂದೊಂದು ಸುತ್ತು ಸಡಿಲ ಮಾಡ್ದೆ. ಎಡಗೈಯಲ್ಲಿ. ಬಿಸಿ ತೊಂಬತ್ತೈದಕ್ಕೆ ಹೋಗತ್ತೆ, ಪ್ರೊಸೆಸರ್ ತನ್ನ ಜೀವ ಉಳಿಸ್ಕೊಳ್ಳೋಕೆ ನಿಧಾನ ಆಗತ್ತೆ, ಆಟ ತಡವರಿಸತ್ತೆ, ನಿಲ್ಲಿಸ್ತಾರೆ ಅಂದ್ಕೊಂಡೆ. ಆರಿ ಹೋಗತ್ತೆ ಅಂತ ಗೊತ್ತಿರ್ಲಿಲ್ಲ. ಎರಡು ಸಲ ಆರಿದ್ರೆ ಸೋತ ಹಾಗೆ ಅನ್ನೋದೂ ಅದೇ ನಿಯಮ."

"ನಿಮ್ಮಣ್ಣನಿಗೆ ಯಾವಾಗ ಹೇಳ್ದೆ?"

"ಅವತ್ತು ಸಂಜೆ. ತಡ್ಕೊಳ್ಳೋಕೆ ಆಗ್ಲಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರೆ ಎಂದು ಕೇಳಿದ್ದಳು. ಇಲ್ಲಿ ಎಮ್ಮೆಯೇ ಬಂದು ಬೆನ್ನು ಕೊಟ್ಟು ನಿಂತಿತ್ತು. ಜಿಗಣೆಯಮ್ಮನಿಗೆ ತಂಪಣ್ಣನ ಮೇಲೆ ಸಿಟ್ಟೂ ಬಂತು, ಅವನ ತಲೆ ಸವರಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ಆದ್ರೆ ಅತ್ತೆ," ಗುಬ್ಬಿ ಮೇಜಿನ ಮೇಲಿದ್ದ ಲಕೋಟೆಯತ್ತ ನೋಡಿದಳು, "ಆ ಪ್ಲಾಸ್ಟಿಕ್ ನಾನಿಟ್ಟಿದ್ದಲ್ಲ. ಅಪ್ಪನಾಣೆ ನಾನಲ್ಲ. ಸ್ಕ್ರೂ ಒಂದೇ ಆಗಿದ್ರೆ ಆ ಯಂತ್ರ ಆರ್ತಾನೇ ಇರ್ಲಿಲ್ಲ."

"ಇವಳೇ ಇಟ್ಟಿದಾಳೆ ಅಂದ್ಕೊಂಡು ಅದನ್ನೂ ನಾನು ನನ್ನ ತಲೆಗೇ ಕಟ್ಕೊಂಡೆ," ಎಂದ ತಂಪಣ್ಣ ಸಣ್ಣ ದನಿಯಲ್ಲಿ.

ಜಿಗಣೆಯಮ್ಮ ನಂಬಿದಳು. ಹಾಳೆ ಕಂಡಾಗ ಹುಡುಗಿ ಕುರ್ಚಿಯಿಂದ ಹಾರಿದ ರೀತಿಯನ್ನು ಯಾವ ನಟಿಯೂ ಕಲಿಯಲಾರಳು. ಅಂದರೆ ಗುರುವಾರ ಸಂಜೆ, ಮಕ್ಕಳಿಬ್ಬರೂ ಆಸ್ಪತ್ರೆಯಲ್ಲಿದ್ದ ಆ ನಲವತ್ತೈದು ನಿಮಿಷ, ಈ ಕೋಣೆಯಲ್ಲಿ ಯಾರೋ ಪುರುಸೊತ್ತಾಗಿ ಕೂತು ಕೆಲಸ ಮಾಡಿದ್ದಾರೆ. ಮನೆಯೊಳಗೆ ಬರಲು ಇರುವುದು ಒಂದೇ ದಾರಿ. ಅದು ಹೊಲಿಗೆ ಮೇಜಿನ ಮುಂದೆಯೇ ಹಾದುಹೋಗುತ್ತದೆ.

ವರದಿಯ ಕಾಗದ ತೆಗೆದಳು. ಯಾರು ಮಾಡಿದ್ದು ಎಂಬ ಜಾಗ ಖಾಲಿಯಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಸುಳ್ಳು ವರದಿ ಬರೆದವಳಲ್ಲ. ಹಾಳೆಯ ಬಗ್ಗೆ ಮಾತ್ರ ಬರೆದು, ಸ್ಕ್ರೂಗಳು ಅದುರಿ ಸಡಿಲವಾದವು ಎಂದರೆ ಹುಡುಗಿ ಉಳಿಯುತ್ತಾಳೆ. ಫ್ಯಾನಿನ ಕಂಪನಕ್ಕೆ ಸ್ಕ್ರೂ ಸಡಿಲವಾಗುವುದುಂಟು, ಯಾರೂ ಪ್ರಶ್ನಿಸುವುದಿಲ್ಲ. ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು.

ಬಾಗಿಲು ಬಡಿದ ಸದ್ದಾಯಿತು. ಐದಕ್ಕೆ ಇನ್ನೂ ಹತ್ತು ನಿಮಿಷ ಬಾಕಿ.

ಒಳಬಂದವರು ಇಬ್ಬರು. ಮೊದಲನೆಯವನು ಸಮಿತಿಯ ಅಧಿಕಾರಿ, ಕಂಕುಳಲ್ಲಿ ಫೈಲು, ಕಣ್ಣಲ್ಲಿ ನಿದ್ದೆಗೆಟ್ಟ ಆಯಾಸ. ಹಿಂದೆ ಬಂದವನು ಗುಬ್ಬಿಯ ತಂಡದ ಮ್ಯಾನೇಜರ್. ಇಸ್ತ್ರಿ ಕೆಡದ ಅಂಗಿ, ಸದಾ ಸಿದ್ಧವಿರುವ ನಗು. ಅವರಿಬ್ಬರ ಹಿಂದೆ ಅತ್ತಿಗೆ, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಚಾಂಪಿಯನ್, ಹೆದರ್ಕೋಬೇಡ," ಎಂದ ಮ್ಯಾನೇಜರ್. "ನಾನಿದೀನಿ. ಸರ್, ನಮ್ಮ ಹುಡುಗಿ ಅಂಥವಳಲ್ಲ ಅಂತ ದಾರಿಯುದ್ದಕ್ಕೂ ಹೇಳ್ತಾನೇ ಬಂದಿದೀನಿ."

ಅಧಿಕಾರಿ ಕೂರಲಿಲ್ಲ. "ಮೇಡಂ, ವರದಿ ಆಯ್ತಾ? ನನಗೆ ಬೇಕಾಗಿರೋದು ಒಂದೇ ಮಾತು. ಬೇರೆ ಯಾರಾದ್ರೂ ಕೈಹಾಕಿದಾರಾ ಇಲ್ವಾ?"

"ಹಾಕಿದಾರೆ," ಎಂದಳು ಜಿಗಣೆಯಮ್ಮ. ಲಕೋಟೆ ಎತ್ತಿ ತೋರಿಸಿದಳು. "ಇದು ಗುರುವಾರ ಸಂಜೆ ಒಳಗೆ ಹೋಗಿದ್ದು. ಆಗ ಹುಡುಗಿ ಆಸ್ಪತ್ರೆಯಲ್ಲಿದ್ಲು, ದಾಖಲೆ ಇರತ್ತೆ."

"ಹಾಗಾದ್ರೆ ಯಾರು?"

ತಂಪಣ್ಣ ಒಂದು ಹೆಜ್ಜೆ ಮುಂದಿಟ್ಟ. ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅವನ ತೋಳು ಹಿಡಿದು ಹಿಂದಕ್ಕೆಳೆದಳು.

"ಅವನಲ್ಲ," ಎಂದಳು. "ಬಾಗಿಲು ತೆಗೆದುಕೊಟ್ಟಿದ್ದು ನಾನು. ಒಳಗೆ ಕೂತು ಕೈಹಾಕಿದ್ದು ಇವ್ರು."

ಅವಳ ಬೆರಳು ಮ್ಯಾನೇಜರನತ್ತ ಚಾಚಿತ್ತು.

"ಅಮ್ಮಾ?" ಎಂದಳು ಗುಬ್ಬಿ.

"ಎರಡು ತಿಂಗಳಿಂದ ನೋಡ್ತಿದೀನಿ ಕಣೇ. ಗುಂಡಿ ಹಾಕ್ಕೊಳ್ಳೋಕೆ ಆಗ್ದೆ ನೀನು ತಲೆ ಮೇಲಿಂದ ಹಾಕ್ಕೊಳ್ಳೋ ಅಂಗಿಗಳನ್ನೇ ತೊಡ್ತಿದ್ದೆ. ಜೀವಮಾನವೆಲ್ಲಾ ಬೇರೆಯವ್ರ ತೋಳಿನ ಅಳತೆ ತೆಗೆದವಳು ನಾನು, ಮಗಳ ಕೈ ಏನಾಗಿದೆ ಅಂತ ಗೊತ್ತಾಗಲ್ವಾ? ನೀನು ಹೇಳ್ಲಿ ಅಂತ ಕಾದೆ. ನೀನು ಹೇಳ್ಲಿಲ್ಲ. ಇವ್ರು ಬಂದಾಗ ಇವ್ರ ಮುಂದೆ ಬಾಯಿ ಬಿಟ್ಟೆ. ಯಂತ್ರ ಸ್ವಲ್ಪ ಬಿಸಿಯಾಗೋ ಹಾಗೆ ಮಾಡ್ತೀನಿ, ಅವಳು ಬೇಜಾರಾಗಿ ತಾನೇ ಹಿಂದೆ ಸರೀತಾಳೆ, ಕೈಗೆ ವಿಶ್ರಾಂತಿ ಸಿಗತ್ತೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂದ್ರು. ನಂಬಿದೆ. ನನ್ನ ಮಗಳ ಹೆಸರಿಗೆ ಮಸಿ ಬಳೀತಾರೆ ಅಂತ ಗೊತ್ತಿದ್ರೆ ಹೊಸಿಲು ದಾಟೋಕೆ ಬಿಡ್ತಿರ್ಲಿಲ್ಲ."

ಗುಬ್ಬಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಒಂದೇ ಸೂರಿನಡಿ ತಾಯಿ ಮಗಳು, ಒಬ್ಬರಿಂದೊಬ್ಬರು ಅದೇ ನೋವನ್ನು ಮುಚ್ಚಿಟ್ಟು, ಒಂದೇ ಯಂತ್ರದ ಮೇಲೆ ಅದನ್ನು ಹೇರಿದ್ದರು.

ಅಧಿಕಾರಿ ಮ್ಯಾನೇಜರನ ಕಡೆ ತಿರುಗಿದ. ಮ್ಯಾನೇಜರನ ನಗು ಒಂದು ಗೆರೆಯೂ ಅಲುಗಿರಲಿಲ್ಲ.

"ಹೆತ್ತ ಕರುಳು ಸರ್, ಏನು ಬೇಕಾದ್ರೂ ಹೇಳತ್ತೆ. ಸಾಕ್ಷಿ ಏನಿದೆ? ನಾನು ಬಂದಿದ್ದನ್ನ ಯಾರು ನೋಡಿದಾರೆ?" ಅವನು ನಿಧಾನವಾಗಿ ಗುಬ್ಬಿಯ ಹತ್ತಿರ ಬಂದ. "ನನ್ನನ್ನ ಕೇಳೋ ಮುಂಚೆ ಇವಳನ್ನ ಕೇಳಿ. ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಈ ಪೆಟ್ಟಿಗೆ ತೆಗೆದವರು ಯಾರು ಅಂತ. ಇಲ್ಲ ಅನ್ಲಿ ನೋಡೋಣ."

ಅಧಿಕಾರಿ ಗುಬ್ಬಿಯನ್ನು ನೋಡಿದ. "ನೀನು ತೆಗೆದ್ಯಾ?"

ಅಮ್ಮ ಇಲ್ಲ ಎನ್ನು ಎಂಬಂತೆ ತಲೆಯಾಡಿಸಿದಳು. ತಂಪಣ್ಣ ಕಣ್ಣಲ್ಲೇ ಬೇಡಿಕೊಂಡ. ಇಲ್ಲ ಎಂದರೆ ಸಾಕಿತ್ತು. ಅತ್ತೆಯ ವರದಿಯಲ್ಲಿ ಆ ಸಾಲು ಇನ್ನೂ ಖಾಲಿಯೇ ಇತ್ತು.

ಗುಬ್ಬಿ ಅಮ್ಮನನ್ನೇ ನೋಡುತ್ತಾ ಎದ್ದು ನಿಂತಳು.

"ನಾನೇ ತೆಗೆದಿದ್ದು ಸರ್. ಎರಡು ಸ್ಕ್ರೂ ಸಡಿಲ ಮಾಡಿದ್ದು ನಾನೇ."

ಅತ್ತಿಗೆಯ ಬಾಯಿಂದ ಸಣ್ಣ ಸದ್ದೊಂದು ಹೊರಟಿತು. ಅಧಿಕಾರಿ ನಿಟ್ಟುಸಿರುಬಿಟ್ಟು ಫೈಲು ತೆರೆದ, ಪೆನ್ನಿನ ಮುಚ್ಚಳ ತೆಗೆದ.

ಜಿಗಣೆಯಮ್ಮ ಗುಬ್ಬಿಯನ್ನು ನೋಡಲಿಲ್ಲ. ಮ್ಯಾನೇಜರನನ್ನೇ ನೋಡುತ್ತಿದ್ದಳು. ಸ್ನಾನಕ್ಕೆ ಮುಂಚೆ ಎಂದಿದ್ದಳು ಹುಡುಗಿ, ಗಂಟೆ ಹೇಳಿರಲಿಲ್ಲ. ಮಧ್ಯಾಹ್ನ ಎಂದಿದ್ದ ಅಣ್ಣ, ಅವನಿಗೆ ಗಂಟೆಯೇ ತಿಳಿದಿರಲಿಲ್ಲ. ನಾಲ್ಕು ದಿನ ಸೀಲು ಬಿದ್ದಿದ್ದ ಪೆಟ್ಟಿಗೆಯ ದಾಖಲೆಯನ್ನು ಈ ಲೋಕದಲ್ಲಿ ಓದಿದವಳು ತಾನೊಬ್ಬಳೇ ಎಂದುಕೊಂಡಿದ್ದಳು.

"ಸರ್, ಒಂದು ನಿಮಿಷ ಬರೀಬೇಡಿ," ಎಂದಳು. ದನಿ ಅವಳಿಗೇ ಗುರುತು ಸಿಗದಷ್ಟು ತಣ್ಣಗಿತ್ತು. "ಮ್ಯಾನೇಜರ್ ಸಾಹೇಬ್ರೇ, ಆ ಎರಡು ಗಂಟೆ ಹತ್ತು ನಿಮಿಷ ಅನ್ನೋದನ್ನ ನಿಮಗೆ ಯಾರು ಹೇಳಿದ್ದು?"

ಮೊದಲ ಬಾರಿಗೆ ಅವನ ನಗು ನಿಂತಿತು. ಅವನ ಕಣ್ಣು ಒಂದೇ ಒಂದು ಕ್ಷಣ ಬಾಗಿಲ ಕಡೆಗಲ್ಲ, ಅಧಿಕಾರಿಯ ಕಡೆಗೆ ಹೊರಳಿತು. ಸೀಲು ಬೀಳುವ ಮುನ್ನ ಆ ದಾಖಲೆ ತೆರೆದು ನೋಡಬಹುದಾಗಿದ್ದವನು ಅವನೊಬ್ಬನೇ. ಅಧಿಕಾರಿ ತೆರೆದಿದ್ದ ಫೈಲನ್ನು ಮೆಲ್ಲಗೆ ಮುಚ್ಚಿ, ಹಿಂದೆ ಸರಿದು, ಕೋಣೆಯ ಬಾಗಿಲಿಗೆ ಚಿಲಕ ಹಾಕಿದ.